ಒಂಬತ್ತನೆಯ ಕುಂಡದ ರಾಗಿ

ಮದ್ದೂರು ಸ್ಟೇಷನ್

1976ನೇ ಇಸವಿ ಜನವರಿ 11, ಭಾನುವಾರ. ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಹಾಜರಿದ್ದವರು ಇಬ್ಬರು. ರೈಲಿನ ಕಿಟಕಿಯ ಒಳಗೆ ನಾನು, ಹೊರಗೆ ಪ್ಲಾಟ್‌ಫಾರಂ ಮೇಲೆ ನನ್ನ ತಂಗಿ ಪುಟ್ಟಮ್ಮ. ನಾನು ಮಂಡ್ಯದಲ್ಲಿ ಹತ್ತಿದ್ದೆ. ಅವಳು ಬಂಡೂರಿನಿಂದ ಬರಬೇಕಾದ ಮಳವಳ್ಳಿ ಬಸ್ಸು ಕೆಟ್ಟು ನಿಂತಿತ್ತು. ಕುರಿ ತುಂಬಿದ ಲಾರಿಯೊಂದನ್ನು ಹತ್ತಿ ಮದ್ದೂರಿಗೆ ಬಂದು ನನ್ನನ್ನು ಹಿಡಿದಿದ್ದಳು. ಸೆರಗಿಗೆಲ್ಲ ಉಣ್ಣೆ ಅಂಟಿತ್ತು.

"ಅಕ್ಕ, ಇದ ಮಡಿಕ್ಕೊ," ಎಂದು ಬಟ್ಟೆಯಲ್ಲಿ ಸುತ್ತಿದ ತಾಮ್ರದ ಚೊಂಬನ್ನು ಕಿಟಕಿಯ ಸರಳಿನ ನಡುವೆ ತೂರಿಸಲು ನೋಡಿದಳು. ಚೊಂಬು ಹಿಡಿಸಲಿಲ್ಲ. "ಅಲ್ಲಿ ನೀರು ಎಂಗಿದ್ದದೋ ಏನೋ. ರಾತ್ರಿ ಇದ್ರಲ್ಲಿ ತುಂಬಿ ಮಡಗು, ಬೆಳಿಗ್ಗೆ ಎದ್ದು ಕುಡಿ."

"ಪೆಟ್ಟಿಗೆಗೆ ಬೀಗ ಹಾಕಿ ಆಯ್ತು ಕಣೆ. ಪಟ್ಟೀಲಿ ಚೊಂಬು ಇಲ್ಲ."

"ನಿನ್ ಪಟ್ಟಿಗೊಂದಿಷ್ಟು ಬೆಂಕಿ ಬೀಳ! ಪೆನ್ನು ಐತಲ್ಲ, ಈಗ ಬರ್ಕೊ."

ಬಾಗಿಲಿಗೆ ಓಡಿ ಚೊಂಬು ಕೊಟ್ಟಳು. ನಾನು ಪಟ್ಟಿಯ ಕೊನೆಗೆ ಬರೆದುಕೊಂಡೆ: ತಾಮ್ರದ ಚೊಂಬು, ಒಂದು. ರೈಲು ಹೊರಟಿತು.

ಪಟ್ಟಿಯಿಲ್ಲದೆ ನನಗೆ ಕೈಕಾಲು ಆಡುವುದಿಲ್ಲ. ದುದ್ದದಲ್ಲಿ ಹುಟ್ಟಿದ ಗೌಡರ ಮಗಳು ನರ್ಸ್ ಆಗುತ್ತೇನೆಂದಾಗ ಮನೆಯಲ್ಲಿ ಎದ್ದ ಗಲಾಟೆ ಈಗ ಬೇಡ. ತರಬೇತಿಯಲ್ಲಿ ನಮ್ಮ ಮೇಟ್ರನ್ ಕಲಿಸಿದ್ದು ಒಂದೇ ಪಾಠ. ರೋಗಿಯ ಒಳಗೆ ಹೋದದ್ದು, ಹೊರಗೆ ಬಂದದ್ದು, ಎರಡನ್ನೂ ಗಂಟೆ ಹಾಕಿ ಬರೆಯಬೇಕು. ಬರೆಯದೆ ಒಂದು ಚಮಚ ನೀರನ್ನೂ ಕೊಡಕೂಡದು. ಮೂವತ್ತೊಂದು ವರ್ಷ ಹಾಗೆ ಬರೆದೆ. ನಿವೃತ್ತಿಯಾದ ಮೇಲೆ ಬರೆಯಲು ಯಾರ ಚಾರ್ಟೂ ಇಲ್ಲದೆ ನನ್ನದನ್ನೇ ಬರೆದುಕೊಳ್ಳುತ್ತಿದ್ದೆ. ಐದಕ್ಕೆ ಏಳುವುದು, ಐದೂಕಾಲಿಗೆ ಸ್ನಾನ, ಎರಡು ಲೋಟ ನೀರು, ಚೊಂಬಿನಲ್ಲಿ ಉಳಿದದ್ದು ತುಳಸಿಗೆ, ಒಂದು ನಮಸ್ಕಾರ. ಆಮೇಲೆ ದಿನದ ಕೆಲಸ.

ಪುಟ್ಟಮ್ಮನ ಮಗ ನಂಜುಂಡ ಆಸ್ಟ್ರೇಲಿಯಾದಲ್ಲಿ ಗಿಡಗಳ ಮೇಲೆ ಸಂಶೋಧನೆ ಮಾಡುತ್ತಾನೆ. ಎರಡು ವರ್ಷದಿಂದ ಕರೆಯುತ್ತಿದ್ದ. ಅವನ ಅಮ್ಮ ಕುರಿ ಬಿಟ್ಟು ಬರುವವಳಲ್ಲ, ಹಾಗಾಗಿ ನಾನು ಹೊರಟೆ.

ಸಿಡ್ನಿ, ಮೇಜಿನ ಮುಂದೆ

ಮದ್ರಾಸಿನಿಂದ ಹಾರಿದ ವಿಮಾನ ಮೋಡಗಳ ಮೇಲೆ ನಿಂತೇ ಇದೆಯೇನೋ ಅನ್ನಿಸುತ್ತಿತ್ತು. ಇಳಿದಾಗ ಮೈ ಬಂದಿತ್ತು, ಮನಸ್ಸು ಮದ್ರಾಸಿನಲ್ಲೇ ಮುಂದಿನ ವಿಮಾನಕ್ಕೆ ಕಾಯುತ್ತಿತ್ತು.

ಆ ದೇಶದವರು ಮನುಷ್ಯರಿಗಿಂತ ಮಣ್ಣಿಗೆ ಹೆದರುತ್ತಾರೆ. ಹೊರಗಿನ ಬೀಜ, ಹೊರಗಿನ ಹುಳ ಒಳಗೆ ಬರಬಾರದು. ಮೇಜಿನ ಹಿಂದಿದ್ದ ತರುಣ ಅಧಿಕಾರಿಗೆ ನನ್ನ ಪಟ್ಟಿ ಕೊಟ್ಟೆ. ಮೂವತ್ತೆಂಟು ಬಾಬತ್ತು, ಇಂಗ್ಲಿಷಿನಲ್ಲಿ ಬರೆದದ್ದು. ಅವನು ಓದಿ, ಪಕ್ಕದವನನ್ನು ಕರೆದು ತೋರಿಸಿದ. ಇಬ್ಬರೂ ನನ್ನನ್ನು ಮರ್ಯಾದೆಯಿಂದ ನೋಡಿದರು. ಆ ಮರ್ಯಾದೆಯಿಂದಲೇ ರಾಗಿಯ ಹುರಿಹಿಟ್ಟು ತೆಗೆದುಕೊಂಡರು, ನಿಂಬೆ ಉಪ್ಪಿನಕಾಯಿ ತೆಗೆದುಕೊಂಡರು, ನನ್ನ ಚಪ್ಪಲಿಯ ಅಡಿಯ ಮಣ್ಣನ್ನು ಬ್ರಷ್ಷಿನಿಂದ ಕೆರೆದು ಲಕೋಟೆಗೆ ಹಾಕಿದರು. ಚೊಂಬು ಸುತ್ತಿದ್ದ ಬಟ್ಟೆಯಲ್ಲಿ ಬಂಡೂರು ಕುರಿಯ ಉಣ್ಣೆ ಸಿಕ್ಕಿತು. ಅದನ್ನು ಚಿಮುಟದಲ್ಲಿ ಹಿಡಿದು ಬೆಳಕಿಗೆ ಎತ್ತಿದಾಗ ಆಪರೇಷನ್ ಥಿಯೇಟರಿನ ನೆನಪಾಯಿತು.

ಚೊಂಬನ್ನು ಮಾತ್ರ ತೊಳೆದು ಒರೆಸಿ ವಾಪಸು ಕೊಟ್ಟರು.

"ಹಿಟ್ಟು ಹೋಯ್ತು ಕಣ್ಲಾ," ಎಂದೆ, ಹೊರಗೆ ಕಾಯುತ್ತಿದ್ದ ನಂಜುಂಡನಿಗೆ. ತೆಳ್ಳಗಾಗಿದ್ದ. ಕಿವಿ ಮಾತ್ರ ಮೊದಲಿನಷ್ಟೇ ದೊಡ್ಡವು.

"ಓಗ್ಲಿ ಬುಡು ದೊಡ್ಡವ್ವ. ನಿಂಗೆ ಜೀವಂತ ರಾಗೀನೇ ತೋರಿಸ್ತೀನಿ, ಬಾ."

ಗಾಜಿನ ಎರಡು ಕೋಣೆ

ನಂಜುಂಡ ಇದ್ದದ್ದು ಒಳನಾಡಿನ ಸಣ್ಣ ಊರಿನಲ್ಲಿ. ರೈಲಿನಲ್ಲಿ ಅರ್ಧ ದಿನ ಹೋದರೆ ಬರುತ್ತದೆ. ಜನವರಿಯಲ್ಲಿ ಅಲ್ಲಿ ನಮ್ಮ ಏಪ್ರಿಲ್ ಬಿಸಿಲು. ಸೂರ್ಯ ಬಡಗಣದಲ್ಲಿ ನಡೆಯುತ್ತಾನೆ, ಮಧ್ಯಾಹ್ನದ ನೆರಳು ತೆಂಕಣಕ್ಕೆ ಬೀಳುತ್ತದೆ. ಮೊದಲ ಎರಡು ದಿನ ದಿಕ್ಕು ತಪ್ಪಿ, ತಲೆ ಎತ್ತ ಹಾಕಿ ಮಲಗಬೇಕೆಂದೇ ತಿಳಿಯಲಿಲ್ಲ. ಮುಂಜಾನೆ ಪಡುವಣದಲ್ಲಿ ಉಳಿದಿದ್ದ ಚಂದ್ರನನ್ನು ನೋಡಿದೆ. ಅದರೊಳಗಿನ ಮೊಲ ತಲೆಕೆಳಗಾಗಿ ಜೋತುಬಿದ್ದಿತ್ತು.

ಸಂಶೋಧನೆಯ ಜಾಗದಲ್ಲಿ ಎರಡು ಗಾಜಿನ ಕೋಣೆಗಳು ಅಕ್ಕಪಕ್ಕ ಇದ್ದವು. ಒಂದೊಂದರಲ್ಲಿ ಒಂಬತ್ತು ಕುಂಡ. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ರಾಗಿ. ಮೊಣಕಾಲೆತ್ತರದ, ಹಸಿರು ಹಸಿರಾದ, ನಮ್ಮ ರಾಗಿ. ಹುರಿಹಿಟ್ಟನ್ನು ಬಿಡದ ದೇಶದಲ್ಲಿ, ಗಾಜಿನೊಳಗೆ, ಹೊರಗಿನ ಗಾಳಿ ತಾಗದೆ ನಿಂತಿತ್ತು. ನಂಜುಂಡ ತನ್ನ ಅಮ್ಮನ ಹೊಲದಿಂದ ಒಂಬತ್ತು ತೆನೆ ಆರಿಸಿ, ಸರ್ಕಾರದ ಅಪ್ಪಣೆ ಪಡೆದು, ಒಂದು ವರ್ಷ ಬೇರೆಯಾಗಿ ಬೆಳೆಸಿ, ರೋಗವಿಲ್ಲವೆಂದು ತೋರಿಸಿ ಇಲ್ಲಿಗೆ ತಂದಿದ್ದನಂತೆ. ಒಂದೊಂದು ತೆನೆಯ ಬೀಜ ಎರಡೂ ಕೋಣೆಯಲ್ಲಿ ಒಂದೊಂದು ಕುಂಡದಲ್ಲಿತ್ತು.

"ಈ ಕೋಣೇಲಿ ಇವತ್ತಿನ ಗಾಳಿ," ಎಂದ. "ಆ ಕೋಣೇಲಿ ನಾಳೆ ಗಾಳಿ."

"ನಾಳೆ ಗಾಳಿ ಎಲ್ಲಿಂದ ತಂದ್ಯೋ?"

ನಗುತ್ತ ಗೋಡೆಗೆ ಒರಗಿಸಿದ್ದ ಕಬ್ಬಿಣದ ಸಿಲಿಂಡರನ್ನು ತಟ್ಟಿದ. "ಇದ್ರಿಂದ. ಫ್ಯಾಕ್ಟರಿ, ಮೋಟಾರು, ಎಲ್ಲಾ ಒಗೆ ಬುಡ್ತಾನೇ ಅವೆ. ಗಾಳೀಲಿ ಇಂಗಾಲ ಏರ್ತಾನೇ ಅದೆ. ನಮ್ ಮೊಮ್ಮಕ್ಕಳ ಕಾಲಕ್ಕೆ ಎಷ್ಟಿರಬೋದೋ ಅಷ್ಟನ್ನ ಈಗ್ಲೇ ಒಳಕ್ಕೆ ಬುಡ್ತೀನಿ. ಎಲೆ ಅಡೀಲಿ ಸಣ್ಣಸಣ್ಣ ಬಾಯಿಗೋಳವೆ ದೊಡ್ಡವ್ವ. ಗಾಳಿ ತಿನ್ನಕ್ಕೆ ಬಾಯಿ ತೆಗೆದ್ರೆ ನೀರು ಆಚಿಗೋಯ್ತದೆ. ಗಾಳಿ ಗಟ್ಟಿ ಇದ್ರೆ ಅಷ್ಟೊಂದು ಬಾಯಿ ತೆಗೀಬೇಕಾಗಿಲ್ಲ, ನೀರು ಉಳೀತದೆ. ಎಷ್ಟು ಉಳೀತದೆ ಅನ್ನೋದೇ ನನ್ ಕೆಲ್ಸ."

"ಅಂದ್ರೆ ಗಿಡದ ಇನ್‌ಟೇಕ್, ಔಟ್‌ಪುಟ್."

ಅವನು ನನ್ನನ್ನೇ ನೋಡಿದ. "ಅಷ್ಟೇ ಕಣವ್ವ. ಮೂರು ವರ್ಷದಿಂದ ಅದನ್ನ ಇಷ್ಟು ಚಿಕ್ಕದಾಗಿ ಯೋಳಕ್ಕೆ ನಂಗೆ ಬಂದಿರಲಿಲ್ಲ."

ಮರುದಿನದಿಂದ, ಅಂದರೆ ಜನವರಿ 19ರ ಸೋಮವಾರದಿಂದ, ನಾನು ಕೆಲಸಕ್ಕೆ ಸೇರಿದೆ. ಕುಂಡ ತೂಗುವುದೂ ಅಂದೇ ಶುರು, ಬೆಳಿಗ್ಗೆ ಆರೂವರೆಗೆ. ಜ್ಯಾಕ್ ಎಂಬ ಅರವತ್ತರ ಸಹಾಯಕ ಕುಂಡ ಎತ್ತಿ ತಕ್ಕಡಿಗೆ ಇಡುತ್ತಾನೆ, ನಂಜುಂಡ ತೂಕ ಕೂಗುತ್ತಾನೆ, ನಾನು ಚಾರ್ಟಿನಲ್ಲಿ ಬರೆಯುತ್ತೇನೆ. ನಿನ್ನೆಗಿಂತ ಎಷ್ಟು ಕಡಿಮೆಯಾಗಿದೆಯೋ ಅಷ್ಟು ನೀರನ್ನು ಗಿಡ ಕುಡಿದು ಆಚೆ ಬಿಟ್ಟಿದೆ ಎಂದು ಲೆಕ್ಕ. ಅಷ್ಟನ್ನು ಮತ್ತೆ ತುಂಬಿಸಿ ಕುಂಡವನ್ನು ಮೊದಲಿನ ತೂಕಕ್ಕೆ ತರುತ್ತಾರೆ. ಮಣ್ಣಿನಿಂದ ನೀರು ಆರದಂತೆ ಕುಂಡದ ಬಾಯಿಗೆ ತಗಡಿನ ಮುಚ್ಚಳವಿದೆ. ಗಿಡಕ್ಕೊಂದು ಕಂಡಿ, ನೀರಿಗೊಂದು ಕಂಡಿ. ವಾರ್ಡಿನಲ್ಲಿ ಮೂಗಿಗೆ ನಳಿಗೆ ಹಾಕಿದ ರೋಗಿಗಳ ಸಾಲಿನಂತೆ ಕಾಣುತ್ತಿತ್ತು. ಮನಸ್ಸಿಗೆ ನೆಮ್ಮದಿಯೆನಿಸಿತು.

ಮೊದಲ ದಿನವೇ ನಂಜುಂಡನಿಗೆ ಬುದ್ಧಿ ಹೇಳಿದೆ. "ಇದ್ರಲ್ಲಿ ಬರೀದೆ ಯಾರಾದ್ರೂ ಒಂದು ತೊಟ್ಟು ಹಾಕಿದ್ರೋ, ನಿನ್ ಲೆಕ್ಕವೆಲ್ಲ ನೀರಲ್ಲಿ ಹೋಯ್ತು ಅಂತ ತಿಳ್ಕೊ."

ಮಳವಳ್ಳಿ ಕಡೆಯ ಒಬ್ಬ ತಾಯಿಯ ಕತೆಯನ್ನೂ ಹೇಳಿದೆ. ಹೊಟ್ಟೆಯ ಆಪರೇಷನ್ ಆದ ಮಗನಿಗೆ ಎರಡು ದಿನ ಬಾಯಿಗೆ ನೀರು ಹಾಕಬಾರದೆಂದು ಹೇಳಿದ್ದರು. ನಾನು ಅತ್ತ ತಿರುಗಿದಾಗ ಅವಳು ಸೆರಗಿನ ಮರೆಯಲ್ಲಿ ಅವನ ತುಟಿಗೆ ಏನೋ ಹಾಕಿದಳು. ಹಿಡಿದು ಕೇಳಿದರೆ, "ತೀರ್ಥ ಕಣಮ್ಮ, ನೀರಲ್ಲ," ಎಂದಳು. ತೀರ್ಥವಾದರೆ ಹೊಟ್ಟೆಗೆ ಹೋಗುವುದಿಲ್ಲವೇ ಎಂದು ಇಡೀ ವಾರ್ಡಿಗೆ ಕೇಳುವಂತೆ ಬೈದಿದ್ದೆ. ಹುಡುಗನಿಗೆ ಏನೂ ಆಗಲಿಲ್ಲ. ಅವಳು ಮಾತ್ರ ಡಿಸ್ಚಾರ್ಜ್ ಆಗುವವರೆಗೆ ನನ್ನ ಮುಖ ನೋಡಲಿಲ್ಲ.

ನಂಜುಂಡ ನಕ್ಕ. ಜ್ಯಾಕ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವನೂ ನಕ್ಕ.

ಜ್ಯಾಕ್‌ನ ಚಹಾ

ಜ್ಯಾಕ್ ಮೊಣಕಾಲು ಕಾಣುವ ಚಡ್ಡಿ ಹಾಕುತ್ತಿದ್ದ, ತಲೆಯಿಂದ ಟೋಪಿ ತೆಗೆಯುತ್ತಿರಲಿಲ್ಲ. ನಾನು ನರ್ಸ್ ಎಂದು ತಿಳಿದ ಕ್ಷಣದಿಂದ 'ಸಿಸ್ಟರ್' ಎಂದೇ ಕರೆದ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಚಹಾಕ್ಕೆ ನೀರಿಡುತ್ತಾನೆ. ಒಂಬತ್ತು ಐವತ್ತೊಂಬತ್ತಕ್ಕೆ ಆಕಾಶ ಕಳಚಿ ಬಿದ್ದರೂ ಇಡುವುದಿಲ್ಲ. ಒಂದು ದಿನ ನಾನು ಒಂಬತ್ತೂಮುಕ್ಕಾಲಿಗೆ ಕೆಟಲ್ ಮುಟ್ಟಿದೆ. "ಇನ್ನೂ ಹದಿನೈದು ನಿಮಿಷ ಇದೆ, ಸಿಸ್ಟರ್," ಎಂದು ಗಡಿಯಾರ ತೋರಿಸಿದ. ಮೂವತ್ತೊಂದು ವರ್ಷದಲ್ಲಿ ನಾನು ಹುಡುಕುತ್ತಿದ್ದ ವಾರ್ಡ್‌ಬಾಯ್ ಭೂಮಿಯ ಈ ಬದಿಯಲ್ಲಿದ್ದ.

ಕಪ್ಪು ತೊಳೆದ ನೀರನ್ನು ಅವನು ಚೆಲ್ಲುವುದಿಲ್ಲ, ಬಕೆಟ್ಟಿಗೆ ಹಾಕಿ ಟೊಮೇಟೊ ಗಿಡಕ್ಕೆ ಒಯ್ಯುತ್ತಾನೆ. ನಲ್ಲಿ ತೊಟ್ಟಿಕ್ಕಿದರೆ ಹಲ್ಲುನೋವು ಬಂದವನ ಹಾಗೆ ಮುಖ ಮಾಡುತ್ತಾನೆ. ಮಂಡ್ಯದಲ್ಲಿ ನಾಲೆಯ ನೀರು ಬಿಟ್ಟ ವಾರ ರಸ್ತೆಯ ಮೇಲೂ ಹರಿದು, ಎಮ್ಮೆಗಳು ಅದರಲ್ಲೇ ಮಲಗಿ, ಬಸ್ಸು ಕಾಯಬೇಕಾಗುವುದನ್ನು ಹೇಳಿದೆ. ಅವನು ನಂಬಲಿಲ್ಲ. ಕನಸು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಅಲ್ಲಿ ಕುಳಿತು ಹೇಳುವಾಗ ನನಗೂ ಹಾಗೇ ಅನ್ನಿಸಿತು.

ಎರಡನೆಯ ವಾರದ ಕೊನೆಗೆ ನಂಜುಂಡ ಚಾರ್ಟನ್ನು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡತೊಡಗಿದ. ನಾಳೆಯ ಕೋಣೆಯ ಒಂಬತ್ತನೆಯ ಕುಂಡ. ಉಳಿದ ಎಂಟೂ ಇಂದಿನ ಕೋಣೆಯವುಗಳಿಗಿಂತ ಸ್ವಲ್ಪ ಕಡಿಮೆ ಕುಡಿಯುತ್ತಿದ್ದವು. ಅದು ಅವನು ನಿರೀಕ್ಷಿಸಿದ್ದೇ. ಒಂಬತ್ತನೆಯದು ಮಾತ್ರ ಅವುಗಳಿಗಿಂತಲೂ ಮೂರರಲ್ಲಿ ಒಂದು ಪಾಲು ಕಡಿಮೆ ಕುಡಿದು, ಎಲ್ಲಕ್ಕಿಂತ ಹಸಿರಾಗಿ, ಬೆರಳು ದಪ್ಪದ ಮರಿಗಳೊಡೆದು ನಿಂತಿತ್ತು.

"ಇವತ್ತಿನ ಗಾಳೀಲಿ ಇದೇ ತೆನೆ ಬೀಜ ಎಲ್ಲಾರಂಗೇ ಅದೆ ದೊಡ್ಡವ್ವ. ನಾಳೆ ಗಾಳಿ ತಗುಲ್ತಲೇ ಬಾಯಿ ಬಿಗೀ ಇಡ್ಕತ್ತದೆ. ನಮ್ಮವ್ವನ ಒಲದಲ್ಲಿ ಇಷ್ಟು ದಿನ ಸುಮ್ನೆ ನಿಂತಿತ್ತು, ತನ್ನ ಕಾಲ ಬರ್ಲಿ ಅಂತ."

ಅದನ್ನು ಹೇಳುವಾಗ ಅವನ ದನಿ ಇಳಿದಿತ್ತು. ನಾನೂ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ಬಂಡೂರಿನ ಬದುವಿನ ಅಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ, ಇನ್ನೂ ಹುಟ್ಟದವರ ಕಾಲಕ್ಕೆ ಕಾಯುತ್ತ ನಿಂತ ಒಂದು ತೆನೆ. ಗಾಜಿನಾಚೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ನಾನು ಕುಳಿತ ಜಾಗದ ಗಾಳಿ ಮೊಮ್ಮಕ್ಕಳ ಕಾಲದ ಗಾಳಿ ಎಂದುಕೊಂಡೆ. ಉಸಿರು ಎಳೆದೆ. ಏನೂ ವ್ಯತ್ಯಾಸ ತಿಳಿಯಲಿಲ್ಲ.

ಫೆಬ್ರವರಿ 16ರ ಸೋಮವಾರ ಮಧ್ಯಾಹ್ನ ಮೂರಕ್ಕೆ ಅವನು ತನ್ನ ಮೇಲಿನ ಪ್ರೊಫೆಸರರ ಮುಂದೆ ಇದನ್ನೆಲ್ಲ ಹೇಳಬೇಕಿತ್ತು. ಇನ್ನೆರಡು ವರ್ಷ ಅವನಿಗೆ ಅಲ್ಲಿ ಕೆಲಸ ಇರುತ್ತದೋ ಇಲ್ಲವೋ ಅಂದು ಗೊತ್ತಾಗುತ್ತಿತ್ತು. ಒಂಬತ್ತನೆಯ ಕುಂಡವನ್ನೇ ಮುಂದಿಡುತ್ತೇನೆ ಎಂದ. ಅಮ್ಮನಿಗೂ ಕಾಗದ ಬರೆದ: ಒಂಬತ್ತನೇ ತೆನೆಯಿಂದ ನೀನು ಬೆಳೆಸಿದ ಬೀಜ ಗಡಿಗೆಯಲ್ಲಿ ಬೇರೆ ಇದೆಯಲ್ಲ, ಈ ಸಲ ಹೊಲಕ್ಕೆಲ್ಲ ಅದನ್ನೇ ಬಿತ್ತು, ಮಳೆ ಕೈಕೊಟ್ಟರೂ ಇದು ಕೈಬಿಡುವುದಿಲ್ಲ. ಕಾಗದವನ್ನು ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟ.

ಬಿಳಿಯ ಹೊಲ

ಫೆಬ್ರವರಿ 12ರ ಗುರುವಾರ ಸಂಜೆ ಜ್ಯಾಕ್ ನನ್ನನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಅವನ ಹೆಂಡತಿಯ ಕಾಲಿನಲ್ಲಿ ಮಾಯದ ಹುಣ್ಣು ಇತ್ತು. "ನೀವೊಮ್ಮೆ ನೋಡಬೇಕು, ಸಿಸ್ಟರ್," ಎಂದಿದ್ದ. ಮೂರು ದಿನ ದಿನಕ್ಕೆರಡು ಸಲ ತೊಳೆದು ಕಟ್ಟಿದೆ. ಆಕೆ ನನಗೆ ದಿನಕ್ಕೆ ಮೂರು ಸಲ ಕುರಿಮಾಂಸ ಬಡಿಸಲು ನೋಡಿದಳು. ಬಂಡೂರಿನ ಕುರಿಯ ಮುಂದೆ ಇದು ಏನೂ ಅಲ್ಲ ಎಂದು ಹೇಳದೆ ತಿಂದೆ. ಹೊರಡುವಾಗ ನಂಜುಂಡ ಕೈಗಿತ್ತಿದ್ದ ಕಾಗದ ಹಾಕೋಣವೆಂದರೆ ಆ ಊರಿನ ಅಂಚೆಮನೆ ಶುಕ್ರವಾರ ನಾನು ಹೋಗುವ ಹೊತ್ತಿಗೆ ಮುಚ್ಚಿತ್ತು. ಆಮೇಲೆ ಸೋಮವಾರಕ್ಕೇ ತೆಗೆಯುವುದಂತೆ. ಒಪ್ಪಿಕೊಂಡ ಕೆಲಸ ಮುಗಿಯದೆ ಚೀಲದಲ್ಲೇ ಉಳಿದದ್ದು ನನಗೆ ಹಿಡಿಸಲಿಲ್ಲ.

ಶನಿವಾರ ಮುಂಜಾನೆ ಜ್ಯಾಕ್ ತನ್ನ ಹೊಲ ತೋರಿಸಿದ. ದೂರದಿಂದ ಹತ್ತಿ ಒಡೆದು ಬಿದ್ದಿದೆ ಅಂದುಕೊಂಡೆ. ಹತ್ತಿರ ಹೋದರೆ ನೆಲವೇ ಬಿಳಿ. ಕಣ್ಣು ಹೋಗುವವರೆಗೂ ಉಪ್ಪು. ನಡುವೆ ಎಲೆಯಿಲ್ಲದ, ತೊಗಟೆಯಿಲ್ಲದ ಮರಗಳು ಕೈ ಎತ್ತಿ ನಿಂತಿದ್ದವು. ಒಂದು ಹಕ್ಕಿಯೂ ಇರಲಿಲ್ಲ. ಕಾಲಿಟ್ಟರೆ ಮೇಲೆ ಪುಡಿ, ಕೆಳಗೆ ಒದ್ದೆ. ನಡೆದಷ್ಟೂ ನಡೆಯದ ಹಾಗೆ, ನಿದ್ದೆಯಲ್ಲಿ ನಡೆಯುವ ಹಾಗೆ ಇತ್ತು.

"ಮಳೆ ಬರದೆ ಹೀಗಾಯಿತೇ?" ಎಂದು ಕೇಳಿದೆ.

ಇಲ್ಲ ಎಂದು ತಲೆಯಾಡಿಸಿದ. ನೀರು ಹೆಚ್ಚಾಗಿ ಹೀಗಾಯಿತಂತೆ. ಅವನ ತಾತನ ಕಾಲದಲ್ಲಿ ಇಲ್ಲಿ ದೊಡ್ಡ ಮರಗಳ ಕಾಡಿತ್ತು. ಅವುಗಳ ಬೇರು ಬಹಳ ಆಳ. ಬಿದ್ದ ಮಳೆಯನ್ನೆಲ್ಲ ಅವೇ ಕುಡಿಯುತ್ತಿದ್ದವು. ತಾತ ಕಡಿದು ಗೋಧಿ ಹಾಕಿದ. ಗೋಧಿ ನಾಲ್ಕಾರು ತಿಂಗಳು ಕುಡಿಯುತ್ತದೆ, ಅದೂ ಮೇಲುಮೇಲಕ್ಕೆ. ಉಳಿದ ನೀರು ವರ್ಷ ವರ್ಷವೂ ನೆಲದೊಳಗೆ ಏರುತ್ತ ಬಂತು. ತಳದಲ್ಲಿ ಮಲಗಿದ್ದ ಉಪ್ಪನ್ನೂ ಹೊತ್ತು ತಂದಿತು.

"ಕುಡಿಯುವವರನ್ನು ನಾವು ಓಡಿಸಿದೆವು, ಸಿಸ್ಟರ್. ಯಾರೂ ಕುಡಿಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ."

ಗೆಜ್ಜಲಗೆರೆಯಲ್ಲಿ ನನ್ನ ಸೋದರಮಾವನ ಗದ್ದೆ ನೆನಪಾಯಿತು. ನಾಲೆ ಬಂದ ಹೊಸತರಲ್ಲಿ ಅವನು ಹಗಲೂ ರಾತ್ರಿ ತೂಬು ತೆರೆದೇ ಇಡುತ್ತಿದ್ದ. "ನೀರು ಕೊಟ್ಟಷ್ಟೂ ಬೆಳೀತದೆ ಕಣವ್ವ," ಎನ್ನುತ್ತಿದ್ದ. ಕೆಲವೇ ವರ್ಷದಲ್ಲಿ ಕೆಳಗಿನ ಗದ್ದೆಗೆ ಸೌಳು ಬಂತು. ಇದೇ ಬಿಳುಪು. ಮಾವ ಅದನ್ನು ಯಾರದೋ ಕಣ್ಣು ಬಿದ್ದದ್ದು ಎಂದು ತಿಳಿದು ಬೇಲಿಗೆ ಹಳೆಯ ಚಪ್ಪಲಿ ಕಟ್ಟಿದ. ಇಲ್ಲಿ ಕುಡಿಯುವವರು ಹೋದರು, ಅಲ್ಲಿ ಕೊಡುವುದು ಹೆಚ್ಚಾಯಿತು. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಎರಡು ಕಡೆಯೂ ಯಾರೂ ಬರೆದಿರಲಿಲ್ಲ.

ಜ್ಯಾಕ್ ಬಗ್ಗಿ ಸ್ವಲ್ಪ ಉಪ್ಪು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡ. ನಾನೂ ಮುಟ್ಟಿಸಿಕೊಂಡೆ.

ಸೋಮವಾರ

ಫೆಬ್ರವರಿ 16, ಬೆಳಿಗ್ಗೆ ಆರೂವರೆ. ಹಾಜರಿದ್ದವರು ನಂಜುಂಡ, ಜ್ಯಾಕ್, ನಾನು. ಪಡುವಣದಲ್ಲಿ ತಲೆಕೆಳಗಾದ ಮೊಲ ಮತ್ತೆ ಇತ್ತು. ಒಂದು ತಿಂಗಳು ತುಂಬಿತ್ತು.

ನಂಜುಂಡನ ಮುಖ ಬಾಡಿತ್ತು. "ಒಂಬತ್ತಕ್ಕೆ ಏನೋ ಆಗದೆ ದೊಡ್ಡವ್ವ. ಎಲ್ಲಾರಂಗೇ ಕುಡಿಯಕ್ಕೆ ಸುರು ಮಾಡ್ಬುಟ್ಟದೆ. ಮೂರಕ್ಕೆ ಮೀಟಿಂಗು, ಇವತ್ತೇ ಇದಕ್ಕೆ ರೋಗ."

ಚಾರ್ಟು ನೋಡಿದೆ. ಶುಕ್ರವಾರದ ಅಂಕಿ ಎಂದಿನಂತೆ ಕಡಿಮೆ ಇತ್ತು. ಶನಿವಾರ ಏರಿತ್ತು, ಭಾನುವಾರವೂ ಹಾಗೆಯೇ. ಈಗ ತೂಗಿದ ಸೋಮವಾರದ್ದೂ ಉಳಿದ ಎಂಟರ ಸಮಕ್ಕೆ ಬಂದಿತ್ತು.

"ಈ ಮೂರು ದಿನ ಬುಟ್ಟು ಹೇಳ್ತೀನಿ ಬುಡು," ಎಂದ. "ಒಬ್ನೇ ಇದ್ದೆ, ಎತ್ತೋವಾಗ ತಕ್ಕಡಿ ಅಲ್ಲಾಡಿರ್ಬೇಕು. ಇಪ್ಪತ್ತು ದಿನದ ಮೇಲೆ ಸರಿಯಾಗಿ ಬಂದಿರೋದು ಮೂರು ದಿನಕ್ಕೆ ಸುಳ್ಳಾಗ್ತದಾ?"

ತೂಕ ಮುಗಿದ ಮೇಲೆ ದಿನವೂ ಮಾಡುವಂತೆ ಇಬ್ಬರೂ ತಕ್ಕಡಿ ಎತ್ತಿಕೊಂಡು ಹೊರಗಿನ ಕೊಠಡಿಗೆ ಹೋದರು. ಏಳೂ ಹತ್ತಾಗಿತ್ತು. ನಾನು ಎಂದಿನಂತೆ ಚೊಂಬು ತೆಗೆದು ಎರಡು ಲೋಟ ಕುಡಿದೆ. ನಾಳೆಯ ಕೋಣೆಯ ಬಾಗಿಲು ಮೂಡಣಕ್ಕಿದೆ. ಆ ದೇಶದಲ್ಲಿ ನನಗೆ ದಿಕ್ಕು ತಪ್ಪದ ಒಂದೇ ಜಾಗ ಅದು. ಆಗ ತಾನೇ ಹುಟ್ಟಿದ ಸೂರ್ಯ ಗಾಜಿನಿಂದ ನೇರವಾಗಿ ಬಾಗಿಲ ಪಕ್ಕದ ಒಂಬತ್ತನೆಯ ಕುಂಡದ ಮೇಲೆ ಬೀಳುತ್ತಿದ್ದ. ತುಳಸಿಯಿಲ್ಲದ ಊರಿನಲ್ಲಿ ಮೊದಲ ದಿನದಿಂದಲೂ ಅದೇ ನನ್ನ ತುಳಸಿಯಾಗಿತ್ತು. ಬಗ್ಗಿ, ಚೊಂಬು ಓರೆ ಮಾಡಿದೆ.

ನೀರು ಚೊಂಬಿನ ಕಂಠದವರೆಗೆ ಬಂದು ನಿಂತಿತು. ನನ್ನ ಕೈ ನಿಲ್ಲಿಸಿತ್ತು.

ಗುರುವಾರ ಹೊರಟವಳು ನಾನು. ಶುಕ್ರವಾರ ತೂಗಿದ್ದು ಗುರುವಾರದ ನೀರಿನ ಲೆಕ್ಕ.

ಚೊಂಬಿನೊಳಗೆ ಸೂರ್ಯ ನಡುಗುತ್ತಿದ್ದ. ಇಪ್ಪತ್ತೈದು ದಿನ ಪ್ರತಿದಿನ ಇದೇ ಹೊತ್ತಿಗೆ ನಾನು ಅದಕ್ಕೆ ನೀರು ಕೊಟ್ಟಿದ್ದೆ. ನಾನು ಹಾಕಿದಷ್ಟೂ ಮರುದಿನದ ತೂಕಕ್ಕೆ ಸೇರಿ, ಗಿಡ ಕಡಿಮೆ ಕುಡಿದ ಹಾಗೆ ತೋರಿತ್ತು. ಅದು ನೀರು ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ. ನಮಸ್ಕಾರದ ಜೊತೆಯಲ್ಲಿ ಹೋಗುವ ಏನೋ ಒಂದಾಗಿತ್ತು ಅದು. ಮಳವಳ್ಳಿ ಕಡೆಯ ಆ ತಾಯಿ ಎಂದೂ ಎತ್ತದ ಮುಖವನ್ನು ಎತ್ತಿ ನನ್ನನ್ನೇ ನೋಡಿದ ಹಾಗಾಯಿತು.

ನಂಜುಂಡ ಬಂದ. ಕುಂಡವನ್ನು, ಚೊಂಬನ್ನು, ನನ್ನನ್ನು ನೋಡಿದ.

"ಒಂಬತ್ತಕ್ಕೆ ರೋಗ ಇಲ್ಲ ಕಣೋ," ಎಂದೆ. "ನಾನು ದಿನಾ ಇದಕ್ಕೆ ಉಳಿದ ನೀರು ಹಾಕ್ತಿದ್ದೆ. ತುಳಸಿಗೆ ಹಾಕೋ ಹಾಗೆ."

"ದಿನಾ ಉಯ್ದ್ಯಾ?"

"ದಿನಾ. ಇಪ್ಪತ್ತೈದ್ ದಿನ. ಒಂದಿನಾನೂ ತಪ್ಪಿಸ್ಲಿಲ್ಲ."

ಅವನು ಬಾಗಿಲ ಹೊಸ್ತಿಲ ಮೇಲೆ ಕುಳಿತುಬಿಟ್ಟ. "ಬರ್ಯೋಳು ನೀನೇ, ಉಯ್ಯೋಳೂ ನೀನೇ," ಎಂದ. ಬೈದಿದ್ದರೆ ಚೆನ್ನಾಗಿತ್ತು. "ಮೂರ್ ದಿನ ಬುಟ್ಟು ಹೇಳ್ಬುಟ್ಟಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ಲ ದೊಡ್ಡವ್ವ."

"ಬಂಡೂರಿನ ಹೊಲಕ್ಕೆ ಗೊತ್ತಾಗ್ತಿತ್ತು. ನಿಮ್ಮವ್ವ ಇದನ್ನೇ ನಂಬಿ ಹೊಲಕ್ಕೆಲ್ಲ ಬಿತ್ತಿ, ಮಳೆ ಹೋದ್ರೆ?"

ಅವನು ತಲೆ ಎತ್ತಿದ. "ಕಾಗ್ದ! ಕಾಗ್ದ ಆಕ್ದ್ಯಾ?"

ಚೀಲದಿಂದ ತೆಗೆದು ಕೊಟ್ಟೆ. ಮುಚ್ಚಿದ ಅಂಚೆಮನೆಗೆ ಅಂದು ಮನಸ್ಸಿನಲ್ಲೇ ಕೈ ಮುಗಿದೆ.

ಜ್ಯಾಕ್‌ಗೆ ನಾನೇ ಹೇಳಿದೆ. ಅವನು ನಗಲಿಲ್ಲ. ಟೋಪಿ ತೆಗೆದು ತಲೆ ಕೆರೆದು, ಹೋಗಿ ಕೆಟಲಿಗೆ ನೀರಿಟ್ಟ. ಆಗ ಗಡಿಯಾರದಲ್ಲಿ ಏಳೂಮುಕ್ಕಾಲು.

ಚಹಾ ಕುಡಿದ ಮೇಲೆ ನಂಜುಂಡ ಅಳತೆಯ ಗಾಜಿನ ಪಾತ್ರೆ ತಂದ. ದಿನಾ ಮಾಡಿದ ಹಾಗೇ ಮಾಡು ಎಂದ. ಚೊಂಬನ್ನು ಕಂಠದ ಗೆರೆಯವರೆಗೆ ತುಂಬಿಸಿ, ನನ್ನ ಲೋಟಕ್ಕೆ ಎರಡು ಸಲ ಬಗ್ಗಿಸಿ ಕುಡಿದೆ. ಇಬ್ಬರು ನೋಡುತ್ತಿದ್ದರೆ ನೀರೂ ಗಂಟಲಲ್ಲಿ ನಿಲ್ಲುತ್ತದೆ. ಉಳಿದದ್ದು ಎಂಟು ಔನ್ಸ್ ಆಯಿತು. ಗಂಟೆ ಬಿಟ್ಟು ಇನ್ನೊಮ್ಮೆ, ಏಳು. ಮತ್ತೊಮ್ಮೆ, ಏಳು. ಆಮೇಲೂ ಏಳು. ನನ್ನ ಹೊಟ್ಟೆ ಗುಡಾಣದಂತಾಗಿತ್ತು.

"ತಕ್ಕಡಿಗಿಂತ ನೀನೇ ವಾಸಿ," ಎಂದ. ಮುಖ ಇನ್ನೂ ನಗುವ ಮಟ್ಟಕ್ಕೆ ಬಂದಿರಲಿಲ್ಲ. ಏಳು ಔನ್ಸ್ ಸೇರಿಸಿ ಲೆಕ್ಕ ಹಾಕಿದ. ಒಂಬತ್ತನೆಯ ಕುಂಡ ಉಳಿದ ಎಂಟರ ಸಾಲಿಗೆ ಬಂದು ಸುಮ್ಮನೆ ನಿಂತಿತು.

ಮೂರು ಗಂಟೆಗೆ ನಾನೂ ಅವನ ಜೊತೆ ಹೋದೆ. ಬೇಡವೆಂದ, ನಾನು ಕೇಳಲಿಲ್ಲ. ಪ್ರೊಫೆಸರರು ಉದ್ದನೆಯ ಮನುಷ್ಯ, ಕಣ್ಣು ಅರ್ಧ ಮುಚ್ಚಿಯೇ ಕೇಳುತ್ತಾರೆ. ಡಾಕ್ಟರರ ಮುಂದೆ ನಿಂತ ಹಾಗೆ ಕೈ ಹಿಂದೆ ಕಟ್ಟಿ, ಆಸ್ಪತ್ರೆಯ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ದಿನಾಂಕ, ಹೊತ್ತು, ಅಳತೆ, ತಪ್ಪು ನನ್ನದು. ಅವರು ಚಾರ್ಟಿನ ಸಾಲುಗಳ ಮೇಲೆ ಬೆರಳಿಟ್ಟು ಓದಿದರು.

ಒಂಬತ್ತನೆಯ ಕುಂಡವನ್ನು ಲೆಕ್ಕದಿಂದ ತೆಗೆಯಬೇಕು ಎಂದರು. ಏಳು ಔನ್ಸ್ ಸೇರಿಸಿದ್ದನ್ನೂ ಒಪ್ಪಲಿಲ್ಲ. ಹೊರಗಿನ ಕೈ ಬಿದ್ದ ಕುಂಡ ಕೈ ಬಿದ್ದ ಕುಂಡವೇ. ಉಳಿದ ಎಂಟು ನಾಳೆಯ ಗಾಳಿಯಲ್ಲಿ ಸ್ವಲ್ಪ ಕಡಿಮೆ ಕುಡಿಯುತ್ತಿರುವುದು ನಿಜ. ಅದು ಸಣ್ಣ ಸುದ್ದಿ, ಆದರೆ ಸುದ್ದಿಯೇ. ಇನ್ನೂ ಹತ್ತು ದಿನ ತೂಗಿ, ಆಮೇಲೆ ಎರಡು ವರ್ಷದ ಮಾತು ಆಡೋಣ ಎಂದು ನಂಜುಂಡನಿಗೆ ಹೇಳಿದರು. ಹೊರಡುವಾಗ ನನ್ನ ಕಡೆ ತಿರುಗಿ, ಆ ಹತ್ತು ದಿನವೂ ಬರೆಯುವವರು ನೀವೇ ಇರಬೇಕು ಎಂದರು.

ವಾಪಸು ಬರುವ ದಾರಿಯಲ್ಲಿ, ನೀಲಗಿರಿ ಮರದ ಸಾಲಿನ ಕೆಳಗೆ ನಂಜುಂಡ, "ಎಷ್ಟು ಚೆಂದಾಗಿತ್ತು ದೊಡ್ಡವ್ವ, ಆ ತೆನೆ," ಎಂದ. ಹೌದು ಎಂದೆ. ಇಬ್ಬರೂ ಒಂದೇ ಕನಸು ಕಂಡಿದ್ದೆವು. ನೀರು ಹುಯ್ದವಳು ನಾನಾಗಿದ್ದೂ ಕಂಡಿದ್ದೆ.

ಸಂಜೆ ಕೆಂಪು ಶಾಯಿಯಲ್ಲಿ ಇಪ್ಪತ್ತೈದು ದಿನದ ಸಾಲಿನಲ್ಲೂ ಬರೆದೆ: ಬೆಳಿಗ್ಗೆ 7.10, ಸುಮಾರು ಏಳು ಔನ್ಸ್, ಕೊಟ್ಟವರು ಎನ್. ನಿಂಗಮ್ಮ. ಇಪ್ಪತ್ತೈದು ಸಹಿ. ನಂಜುಂಡ ತನ್ನ ಕಾಗದವನ್ನು ಹರಿದು ಹಾಕಿದ. ಹೊಸದನ್ನು ನಾನು ಬರೆದೆ. ಪುಟ್ಟಮ್ಮನಿಗೆ ಓದಿ ಹೇಳುವವರಿಗೆ ಅರ್ಥವಾಗಲೆಂದು ದಪ್ಪ ಅಕ್ಷರದಲ್ಲಿ ಬರೆದೆ: ಒಂಬತ್ತನೇ ತೆನೆ ಅಂತ ಬೇರೆ ಇಡಬೇಡ, ಗಡಿಗೆಯ ಬೀಜವನ್ನೆಲ್ಲ ಬೆರೆಸಿ ಬಿತ್ತು. ಚೊಂಬು ಚೆನ್ನಾಗಿದೆ.

ಮೇಜಿನ ಮೇಲೆ ಕೊನೆಯ ಸಲ ಅಳೆದು ಮತ್ತೆ ಸುರಿದಿದ್ದ ನೀರು ಚೊಂಬಿನಲ್ಲೇ ಇತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಹೊರಗೆ ಹೋದೆ. ಏಳೂ ಹತ್ತಾದರೂ ಅಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ದೊಡ್ಡ ಮರದ ಬುಡದಲ್ಲಿ ಬಗ್ಗಿ ನಿಧಾನವಾಗಿ ಸುರಿದೆ. ಒಣ ತೊಗಟೆ, ಒಣ ಎಲೆ, ಒಣ ಮಣ್ಣು. ನೀರು ಸದ್ದಿಲ್ಲದೆ ಒಳಗೆ ಹೋಯಿತು.

ಕಿಟಕಿಯಿಂದ ನಂಜುಂಡ ಕೂಗಿದ. "ಬರ್ಕೊಂಡ್ಯಾ ದೊಡ್ಡವ್ವ?"

"ಬರ್ಕೋತೀನಿ ಸುಮ್ನಿರ್ಲಾ!"

ಒಳಗೆ ಬಂದು ನನ್ನ ಪುಸ್ತಕದಲ್ಲಿ ಬರೆದೆ: ಸಂಜೆ 7.10, ಮರಕ್ಕೆ, ಏಳು ಔನ್ಸ್. ಚೊಂಬನ್ನು ತೊಳೆದು ಬೋರಲು ಹಾಕಿದೆ.